ರೈಸ್ ಕುಕ್ಕರ್ ಅನ್ನದಿಂದ ಶುಗರ್ ಬರುತ್ತದೆಯೇ? ಕೊಳ್ಳುವ ಮೊದಲು ಗೊತ್ತಿರಬೇಕಾದ ಸಂಗತಿಗಳು

ರೈಸ್ ಕುಕ್ಕರ್ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು ಹೆದರಿಸುವಂಥದ್ದು: ಅಲ್ಯುಮಿನಿಯಂ ಪಾತ್ರೆಯ ಅನ್ನದಿಂದ ಮರೆವಿನ ಕಾಯಿಲೆ, ನಾನ್‌ಸ್ಟಿಕ್‌ನಿಂದ ಕ್ಯಾನ್ಸರ್, ಗಂಜಿ ಬಸಿಯದ ಅನ್ನದಿಂದ ಶುಗರ್. ಇನ್ನೊಂದು ಮಾರುವಂಥದ್ದು: ಅನ್ನದಲ್ಲಿರುವ ಸಕ್ಕರೆಯನ್ನೇ ತೆಗೆದುಹಾಕುವ ಕುಕ್ಕರ್, ಇವತ್ತು ಮಾತ್ರ ಅರ್ಧ ಬೆಲೆ, ಕೆಳಗಿನ ಲಿಂಕ್ ಒತ್ತಿ. ತಮಾಷೆಯೆಂದರೆ ಎರಡೂ ಒಂದೇ ಫ್ಯಾಮಿಲಿ ಗ್ರೂಪಿಗೆ, ಕೆಲವೊಮ್ಮೆ ಒಬ್ಬರ ಕೈಯಿಂದಲೇ ಬರುತ್ತವೆ.

ಇವುಗಳಲ್ಲಿ ಯಾವುದು ನಿಜ ಎಂದು ಹೇಳುವ ಮೊದಲು ಈ ಯಂತ್ರದ ಒಳಗೆ ಏನಿದೆ ಎಂದು ನೋಡಿಬಿಡೋಣ. ಅದು ಗೊತ್ತಾದರೆ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು. ಹಣವನ್ನೂ ಉಳಿಸಿಕೊಳ್ಳಬಹುದು. ಅನ್ನದಿಂದ ನಿಜಕ್ಕೂ ಅಪಾಯ ಎಲ್ಲಿದೆ ಎಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಕುಕ್ಕರ್‌ನ ಲೋಹಕ್ಕೂ ಸಂಬಂಧವಿಲ್ಲ.

ಒಂದು ಅಯಸ್ಕಾಂತ, ಒಂದು ಸ್ಪ್ರಿಂಗ್

ನೀರು ಇರುವವರೆಗೆ ಪಾತ್ರೆಯ ತಳ ನೂರು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗುವುದಿಲ್ಲ. ಎಷ್ಟೇ ಶಾಖ ಕೊಟ್ಟರೂ ಅದು ನೀರನ್ನು ಹಬೆಯಾಗಿಸಲು ಖರ್ಚಾಗುತ್ತದೆ. ಅಕ್ಕಿ ನೀರನ್ನೆಲ್ಲ ಕುಡಿದು, ಉಳಿದದ್ದು ಹಬೆಯಾಗಿ ಹೋದ ಮರುಕ್ಷಣ ತಳದ ಬಿಸಿ ನೂರನ್ನು ದಾಟುತ್ತದೆ. ಇದನ್ನು ಕಂಡುಹಿಡಿದರೆ ಸಾಕು, ಅನ್ನ ಆಯಿತು ಎಂದೇ ಅರ್ಥ. ರೈಸ್ ಕುಕ್ಕರ್ ಮಾಡುವುದು ಇಷ್ಟೇ ಕೆಲಸ.

ಸ್ವಯಂಚಾಲಿತ ವಿದ್ಯುತ್ ಕುಕ್ಕರ್ ಮೊದಲು ಯಶಸ್ವಿಯಾಗಿ ಮಾರುಕಟ್ಟೆಗೆ ಬಂದದ್ದು ಜಪಾನಿನಲ್ಲಿ, 1955ರ ಡಿಸೆಂಬರ್‌ನಲ್ಲಿ, ತೋಷಿಬಾ ಕಂಪನಿಯಿಂದ. ಅದನ್ನು ರೂಪಿಸಿದವರು ಟೋಕಿಯೊದಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ ಯೋಶಿತಾದ ಮಿನಾಮಿ. ದಿನವೂ ಅನ್ನ ಮಾಡಿ ಮಾಡಿ, ಬಿಸಿ ಅಳೆದು ಪರೀಕ್ಷಿಸಿದವರು ಅವರ ಹೆಂಡತಿ ಫುಮಿಕೊ. ಕುದಿ ಬಂದ ಮೇಲೆ ಸುಮಾರು 20 ನಿಮಿಷ ಬೆಂದರೆ ಅನ್ನ ಹದವಾಗುತ್ತದೆ ಎಂಬುದನ್ನು ಹಿಡಿದುಕೊಂಡು ಒಂದರೊಳಗೊಂದು ಪಾತ್ರೆ ಇಟ್ಟರು. ಹೊರಪಾತ್ರೆಗೆ ಹಾಕಿದ ಅಳತೆಯ ನೀರು ಆವಿಯಾಗಿ ಮುಗಿದಾಗ ಸ್ವಿಚ್ ತಾನಾಗಿ ಆಫ್ ಆಗುತ್ತಿತ್ತು.

ನಮ್ಮ ಅಂಗಡಿಗಳಲ್ಲಿ ಈಗ ಸಿಗುವ ಸಾದಾ ಕುಕ್ಕರ್‌ನಲ್ಲಿ ಹೊರಪಾತ್ರೆಯ ನೀರು ಇಲ್ಲ. ಬಿಸಿಯಾಗುವ ತಟ್ಟೆಯ ನಡುವೆ ಸ್ಪ್ರಿಂಗ್ ಮೇಲೆ ಕೂತ ಒಂದು ಗುಂಡನೆಯ ಬಿಲ್ಲೆ ಇರುತ್ತದೆ, ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ಅದರೊಳಗೆ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಒಂದು ವಿಶೇಷ ವಸ್ತು ಇದೆ. ಸುಮಾರು 103 ಡಿಗ್ರಿ ದಾಟಿದರೆ ಅದು ಆ ಗುಣವನ್ನು ಕಳೆದುಕೊಳ್ಳುತ್ತದೆ. ನೀವು ‘ಕುಕ್’ ಎಂದು ಕೆಳಗೆ ಒತ್ತಿದ ಕಡ್ಡಿಯನ್ನು ಹಿಡಿದಿಟ್ಟುಕೊಂಡಿರುವುದು ಇದೇ. ಹಿಡಿತ ಬಿಟ್ಟಾಗ ಸ್ಪ್ರಿಂಗ್ ಕಡ್ಡಿಯನ್ನು ‘ಟಕ್’ ಎಂದು ಮೇಲಕ್ಕೆ ತಳ್ಳುತ್ತದೆ. ಒಳಗೆ ಕಂಪ್ಯೂಟರ್ ಇಲ್ಲ, ಗಡಿಯಾರವೂ ಇಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರ ಕುದಿಯುತ್ತದೆ, ಮಂಗಳೂರಿನಲ್ಲಿ ನೂರಕ್ಕೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಯಲು ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ ತುಸು ಹೆಚ್ಚು ಹೊತ್ತು, ತುಸು ಹೆಚ್ಚು ನೀರು ಬೇಕು. ಕರಾವಳಿಯ ಅತ್ತೆ ಹೇಳಿಕೊಟ್ಟ ಅಳತೆ ಬೆಂಗಳೂರಿನ ಸೊಸೆಗೆ ಸರಿಹೋಗದಿದ್ದರೆ ಇದೂ ಒಂದು ಕಾರಣವಿರಬಹುದು.

ಯಾವುದಕ್ಕೆ ಹಣ ಕೊಡಬೇಕು

ಈ ವಿವರವೆಲ್ಲ ಏಕೆ ಬೇಕಾಯಿತೆಂದರೆ, ಎರಡು ಸಾವಿರದ ಕುಕ್ಕರ್‌ಗೂ ಹನ್ನೆರಡು ಸಾವಿರದ ಕುಕ್ಕರ್‌ಗೂ ಅನ್ನದ ಮಟ್ಟಿಗೆ ಅಷ್ಟು ದೊಡ್ಡ ವ್ಯತ್ಯಾಸವಿಲ್ಲ. ಪರದೆ, ಗುಂಡಿಗಳು ಇರುವ ದುಬಾರಿ ಮಾದರಿಗಳು ಮುಖ್ಯವಾಗಿ ಜಪಾನ್, ಕೊರಿಯಾಗಳ ಅಂಟು ಅಕ್ಕಿಯನ್ನು ಹದವಾಗಿ ಬೇಯಿಸಲು ಬೆಳೆದು ಬಂದವು. ಅಲ್ಲಿ ಅನ್ನವನ್ನು ಹಾಗೇ, ಅದರ ರುಚಿಗಾಗಿ ತಿನ್ನುತ್ತಾರೆ. ಸೋನಾ ಮಸೂರಿ ಅನ್ನಕ್ಕೆ ಸಾರು ಸುರಿದು ಕಲಸಿ ತಿನ್ನುವವರಿಗೆ ಆ ಸೂಕ್ಷ್ಮ ನಾಲಿಗೆಗೆ ತಾಗುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಮನೆಗಳಿಗೆ ಸಾದಾ ಕಡ್ಡಿ ಸ್ವಿಚ್ಚಿನ ಕುಕ್ಕರ್ ಧಾರಾಳ ಸಾಕು. ಹೆಚ್ಚಿನ ಹಣವಿದ್ದರೆ ದಪ್ಪ ತಳದ ಒಳಪಾತ್ರೆಗೆ, ಬೇರೆಯಾಗಿ ಬಿಡಿಭಾಗ ಸಿಗುವ, ನಿಮ್ಮ ಊರಲ್ಲೇ ರಿಪೇರಿ ಮಾಡಿಕೊಡುವವರಿರುವ ಮಾದರಿಗೆ ಕೊಡಿ.

ಗಾತ್ರದಲ್ಲಿ ಮೋಸಹೋಗುವವರು ಹೆಚ್ಚು. ಡಬ್ಬದ ಮೇಲಿನ ‘1.8 ಲೀಟರ್’ ಎಂಬುದನ್ನು ಎಲ್ಲ ಕಂಪನಿಗಳೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಕೆಲವರಿಗೆ ಅದು ಪಾತ್ರೆ ಹಿಡಿಸುವ ಒಟ್ಟು ಅಳತೆ, ಕೆಲವರಿಗೆ ಹಾಕಬಹುದಾದ ಅಕ್ಕಿಯ ಅಳತೆ. ಆದ್ದರಿಂದ ಲೀಟರ್ ಬಿಟ್ಟು ‘ಗರಿಷ್ಠ ಎಷ್ಟು ಗ್ರಾಂ ಅಕ್ಕಿ’ ಎಂದು ಕೇಳಿ. ಒಬ್ಬರಿಗೆ ಒಂದು ಹೊತ್ತಿಗೆ 75ರಿಂದ 100 ಗ್ರಾಂ ಅಕ್ಕಿ ಎಂದು ಲೆಕ್ಕ ಹಿಡಿದರೆ ನಾಲ್ವರಿಗೆ 400 ಗ್ರಾಂ. ಕುಕ್ಕರ್ ಜತೆ ಬರುವ ಪ್ಲಾಸ್ಟಿಕ್ ಲೋಟ ಸಾಮಾನ್ಯವಾಗಿ 180 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಹಿಡಿಯುತ್ತದೆ, ಮನೆಯ ಕಾಫಿ ಲೋಟವಲ್ಲ. ಪಾತ್ರೆಯ ಒಳಗಿನ ಗೆರೆಗಳು ಆ ಲೋಟಕ್ಕೇ ಹೊಂದಿಕೊಂಡಿರುತ್ತವೆ.

ನೀರಿನ ಅಳತೆಯಲ್ಲೂ ಒಂದು ಸಣ್ಣ ಗುಟ್ಟಿದೆ. ಅಕ್ಕಿ ಕುಡಿಯುವ ನೀರು ಅಕ್ಕಿ ಹೆಚ್ಚಾದಂತೆ ಹೆಚ್ಚುತ್ತದೆ. ಹಬೆಯಾಗಿ ಹೋಗುವ ನೀರು ಹಾಗಲ್ಲ, ಅದು ಸ್ವಲ್ಪ ಅಕ್ಕಿಗೂ ಹೆಚ್ಚು ಅಕ್ಕಿಗೂ ಹೆಚ್ಚುಕಡಿಮೆ ಅಷ್ಟೇ. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು ಸರಿಹೋದರೆ ಮೂರು ಲೋಟಕ್ಕೆ ಏಳೂವರೆ ಹಾಕಬೇಡಿ, ಆರರ ಆಸುಪಾಸಿನಲ್ಲಿ ನೋಡಿ. ನೆಂಟರು ಬಂದ ದಿನವೇ ಅನ್ನ ಮುದ್ದೆಯಾಗುವುದು ಈ ಲೆಕ್ಕ ತಪ್ಪುವುದರಿಂದ. ಹೊಸ ಅಕ್ಕಿಗೆ ಕಡಿಮೆ, ಹಳೆ ಅಕ್ಕಿಗೆ ಹೆಚ್ಚು ಎಂಬುದು ನಿಮಗೇ ಗೊತ್ತು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ನಿಮಗೆ ರೈಸ್ ಕುಕ್ಕರ್ ಬೇಕೇ? ತೊಗರಿಬೇಳೆ ಚೆನ್ನಾಗಿ ಕರಗುವಂತೆ ಬೇಯಬೇಕಾದರೆ ಪ್ರೆಶರ್ ಕುಕ್ಕರ್‌ನ 120 ಡಿಗ್ರಿಯ ಹಬೆ ಬಹಳ ಉಪಕಾರಿ. ರೈಸ್ ಕುಕ್ಕರ್‌ನಲ್ಲಿ ಒತ್ತಡವಿಲ್ಲ. ಬಿಸಿಬೇಳೆಬಾತ್, ಪೊಂಗಲ್‌ನಂಥವು ಗಟ್ಟಿಯಾಗಿ ತಳ ಹಿಡಿಯತೊಡಗಿದರೆ ಅಲ್ಲಿ ಮಾತ್ರ ಬಿಸಿ ನೂರು ದಾಟಿ, ಮೇಲೆ ನೀರಿದ್ದರೂ ಕಡ್ಡಿ ಜಿಗಿದುಬಿಡುತ್ತದೆ, ಬೇಳೆ ಅರೆಬೆಂದು ಉಳಿಯುತ್ತದೆ. ಒಂದೇ ಪ್ರೆಶರ್ ಕುಕ್ಕರ್‌ನಲ್ಲಿ ಕೆಳಡಬ್ಬಿಗೆ ಬೇಳೆ, ಮೇಲಿನದಕ್ಕೆ ಅಕ್ಕಿ ಇಟ್ಟು ಮೂರು ಕೂಗು ಕೂಗಿಸಿ ಎರಡೂ ಕೆಲಸ ಮುಗಿಸುವ ಮನೆಗೆ ಇನ್ನೊಂದು ಯಂತ್ರದಿಂದ ಲಾಭ ಕಡಿಮೆ. ಅಡುಗೆಮನೆಯ ಕಟ್ಟೆಯ ಮೇಲೆ ಜಾಗ ತಿನ್ನುತ್ತದೆ, ಅಷ್ಟೆ.

ಹಾಗಾದರೆ ಯಾರಿಗೆ ಬೇಕು? ಒಲೆ ಆರಿಸುವುದನ್ನು ಮರೆಯುವ ವಯಸ್ಸಾದವರು ಒಬ್ಬರೇ ಇರುವ ಮನೆಗೆ, ಕಿವಿ ಮಂದವಾಗಿ ಕೂಗು ಕೇಳಿಸದವರಿಗೆ, ಗ್ಯಾಸ್ ಸಂಪರ್ಕವಿಲ್ಲದ ರೂಮಿನಲ್ಲಿ ಓದುವ ಹುಡುಗ ಹುಡುಗಿಯರಿಗೆ, ಬೆಳಿಗ್ಗೆ ಎರಡು ಒಲೆ ಸಾಲದವರಿಗೆ. ಇವರಿಗೆ ಇದು ನಿಜವಾಗಿ ದುಡ್ಡಿಗೆ ತಕ್ಕ ವಸ್ತು. ಮಗ ಊರಲ್ಲಿರುವ ಅಮ್ಮನಿಗೆ ಕಳಿಸುವ ಉಡುಗೊರೆಗಳಲ್ಲಿ ಹೊಸ ಮೊಬೈಲ್‌ಗಿಂತ ಇದು ಹೆಚ್ಚು ಬಳಕೆಗೆ ಬಂದೀತು.

ಕರಾವಳಿಯ ಕುಚ್ಚಲಕ್ಕಿಗೆ ಮಾತ್ರ ಸಾದಾ ರೈಸ್ ಕುಕ್ಕರ್ ಅಷ್ಟಾಗಿ ಒಗ್ಗುವುದಿಲ್ಲ. ಅದಕ್ಕೆ ಬಹಳ ನೀರು, ಬಹಳ ಹೊತ್ತು ಬೇಕು, ನೊರೆ ಉಕ್ಕುತ್ತದೆ. ಹೆಚ್ಚು ಹೊತ್ತು ಬೇಯಲಿ ಎಂದು ಸ್ವಿಚ್ ಕಡ್ಡಿ ಮೇಲೆ ಬಾರದಂತೆ ಏನನ್ನಾದರೂ ಸಿಕ್ಕಿಸುವ ಉಪಾಯ ಮಾಡಬೇಡಿ. ಯಂತ್ರದ ಮುಖ್ಯ ಕಾವಲನ್ನು ತೆಗೆದುಹಾಕಿದಂತೆ ಅದು. ಕುಚ್ಚಲಕ್ಕಿಗೆ ದಕ್ಷಿಣ ಕನ್ನಡ, ಕೇರಳಗಳಲ್ಲಿ ಬಳಸುವ ಥರ್ಮಲ್ ರೈಸ್ ಕುಕ್ಕರ್ ಒಳ್ಳೆಯದು. ಅದಕ್ಕೆ ವಿದ್ಯುತ್ತೇ ಬೇಡ. ಅಕ್ಕಿಯನ್ನು ಒಲೆಯ ಮೇಲೆ ಹತ್ತು ಹದಿನೈದು ನಿಮಿಷ ಕುದಿಸಿ, ಪಾತ್ರೆ ಸಮೇತ ಆ ದಪ್ಪ ಗೋಡೆಯ ಡಬ್ಬಿಯೊಳಗಿಟ್ಟು ಮುಚ್ಚಿದರೆ ಗಂಟೆ, ಒಂದೂವರೆ ಗಂಟೆಯಲ್ಲಿ ಉಳಿದ ಬಿಸಿಯಲ್ಲೇ ಬೆಂದಿರುತ್ತದೆ. ಆಮೇಲೆ ಗಂಜಿ ಬಸಿಯುವುದು. ಗ್ಯಾಸ್ ಉಳಿಸುವ ಸಾಧನಗಳ ಪೈಕಿ ಇದಕ್ಕೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ ಎಂದೇ ನಮ್ಮ ಭಾವನೆ.

ಅಲ್ಯುಮಿನಿಯಂ: ಕತೆ ಸುಳ್ಳು, ಆದರೆ ಪಕ್ಕದಲ್ಲೊಂದು ನಿಜ ಇದೆ

‘ಬ್ರಿಟಿಷರು ಭಾರತೀಯ ಕೈದಿಗಳನ್ನು ನಿಧಾನವಾಗಿ ಕೊಲ್ಲಲು ಅಲ್ಯುಮಿನಿಯಂ ಪಾತ್ರೆ ತಂದರು’ ಎಂಬ ಸಂದೇಶವನ್ನು ನೀವು ನೋಡಿರುತ್ತೀರಿ. ಅದರ ಜತೆ ಯಾವ ದಾಖಲೆಯೂ ಬರುವುದಿಲ್ಲ. ದಾಖಲೆ ಇರುವ ಇತಿಹಾಸ ಬೇರೆ. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರ್ ಅಲ್ಯುಮಿನಿಯಂ ಪಾತ್ರೆ ತಯಾರಿಕೆಯನ್ನು ಶುರುಮಾಡಿದರು. ಇಲ್ಲಿನ ಕುಶಲಕರ್ಮಿಗಳಿಗೆ ಒಂದು ಹೊಸ ಉದ್ಯಮ ಕಟ್ಟಿಕೊಡುವುದು ಉದ್ದೇಶ. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು. ಅಲ್ಯುಮಿನಿಯಂ ಹಗುರ, ಅಗ್ಗ, ಕಲಾಯಿ ಬೇಕಿಲ್ಲ. ಮನೆಮನೆಗೆ ಬರಲು ಇಷ್ಟು ಸಾಕಾಯಿತು.

ಪಾತ್ರೆಯಿಂದ ಅಲ್ಯುಮಿನಿಯಂ ಸ್ವಲ್ಪ ಆಹಾರಕ್ಕೆ ಇಳಿಯುವುದು ನಿಜ. ಹುಣಸೆ, ಟೊಮೆಟೊದಂಥ ಹುಳಿ ಪದಾರ್ಥ ಬೇಯಿಸಿದರೆ ಹೆಚ್ಚು. ನೀರು ಮತ್ತು ಅಕ್ಕಿ ಹುಳಿಯಲ್ಲ, ಹಾಗಾಗಿ ಅನ್ನಕ್ಕೆ ಇಳಿಯುವುದು ಅತ್ಯಲ್ಪ. ಹೊಟ್ಟೆಗೆ ಹೋದದ್ದರಲ್ಲೂ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ರಕ್ತ ಸೇರುತ್ತದೆ, ಅದನ್ನೂ ಮೂತ್ರಪಿಂಡ ಹೊರಹಾಕುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ವಾರಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಎಂಬ ಮಿತಿ ಹಾಕಿತು, ಅಂದರೆ 60 ಕಿಲೋ ತೂಕದವರಿಗೆ ವಾರಕ್ಕೆ 60 ಮಿಲಿಗ್ರಾಂ. ಅಲ್ಝೈಮರ್ ಕಾಯಿಲೆಯ ಮಾತು ಹುಟ್ಟಿದ್ದು 1960ರ ದಶಕದಲ್ಲಿ ಮೊಲಗಳ ಮಿದುಳಿಗೆ ಅಲ್ಯುಮಿನಿಯಂ ಚುಚ್ಚಿ ನೋಡಿದ ಪ್ರಯೋಗಗಳಿಂದ. ಅಡುಗೆ ಪಾತ್ರೆಯಿಂದ ಈ ಕಾಯಿಲೆ ಬರುತ್ತದೆ ಎಂಬುದು ಆಮೇಲೆ ರುಜುವಾತಾಗಲಿಲ್ಲ. ಎಚ್ಚರ ಬೇಕಾಗಿರುವುದು ಮೂತ್ರಪಿಂಡ ಸೋತವರಿಗೆ. ಅವರ ದೇಹದಿಂದ ಇದು ಸರಿಯಾಗಿ ಹೊರಹೋಗುವುದಿಲ್ಲ, ಅವರು ವೈದ್ಯರನ್ನು ಕೇಳುವುದು ಸರಿ.

ಪಕ್ಕದ ನಿಜ ಏನೆಂದರೆ, ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಪಾತ್ರೆಗಳಲ್ಲಿ ಸೀಸ ಬೆರೆತಿರಬಹುದು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಭಾರತದಿಂದ ಹೋದ ಕೆಲವು ಅಲ್ಯುಮಿನಿಯಂ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಆಹಾರಕ್ಕೆ ಸೀಸ ಸೇರುತ್ತದೆ ಎಂದು ಎಚ್ಚರಿಸಿತ್ತು. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ, ಮಕ್ಕಳ ಮಿದುಳಿಗೆ ಅದು ಖಂಡಿತ ಕೆಟ್ಟದ್ದು. ಹಾಗಾಗಿ ಸಂತೆಯಲ್ಲಿ ತೂಕಕ್ಕೆ ಮಾರುವ ಹೆಸರಿಲ್ಲದ ಪಾತ್ರೆಯನ್ನು ಕುಕ್ಕರ್ ಒಳಗೆ ಬದಲಿಯಾಗಿ ಇಡಬೇಡಿ, ಕಂಪನಿಯದೇ ಕೊಳ್ಳಿ. ಸ್ಟೀಲ್ ಒಳಪಾತ್ರೆ ಸಿಕ್ಕರೆ ಇನ್ನೂ ನಿಶ್ಚಿಂತೆ. ಅನ್ನ ಸ್ವಲ್ಪ ಹೆಚ್ಚು ಅಂಟುತ್ತದೆ, ನೆನೆಸಿಟ್ಟರೆ ಬಿಡುತ್ತದೆ.

ನಾನ್‌ಸ್ಟಿಕ್ ವಿಷಯಕ್ಕೆ ಬಂದರೆ, ಆ ಲೇಪನ 260 ಡಿಗ್ರಿಯವರೆಗೂ ಗಟ್ಟಿಯಾಗಿರುತ್ತದೆ. ಖಾಲಿ ಕಾವಲಿಯನ್ನು ಗ್ಯಾಸ್ ಮೇಲೆ ಮರೆತರೆ ಅಷ್ಟು ಬಿಸಿಯಾದೀತು. 103 ಡಿಗ್ರಿಗೆ ಆಫ್ ಆಗುವ ರೈಸ್ ಕುಕ್ಕರ್‌ನಲ್ಲಿ ಹಾಗಾಗುವುದಿಲ್ಲ. ಕ್ಯಾನ್ಸರ್ ಜತೆ ಹೆಸರು ಕೇಳಿಬಂದದ್ದು ಲೇಪನ ತಯಾರಿಸಲು ಹಿಂದೆ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದ್ದು ನಿಜ. ಅದು 2019ರಲ್ಲೇ ಜಾಗತಿಕ ನಿಷೇಧದ ಪಟ್ಟಿ ಸೇರಿದೆ. ಅಕ್ಕಿಯನ್ನು ಲೇಪನವಿರುವ ಪಾತ್ರೆಯಲ್ಲೇ ಉಜ್ಜಿ ತೊಳೆಯಬೇಡಿ, ಸ್ಟೀಲ್ ಸೌಟು ಬಳಸಬೇಡಿ. ಲೇಪನ ಎದ್ದುಹೋಗಿದ್ದರೆ ಪಾತ್ರೆ ಬದಲಿಸಿ.

ಗಂಜಿ ಬಸಿದರೆ ಶುಗರ್ ಇಳಿಯುತ್ತದೆಯೇ?

ಈ ಪ್ರಶ್ನೆಗೆ ಉತ್ತರ ತಪ್ಪಾದರೆ ನಷ್ಟ ಹಣದ್ದಷ್ಟೇ ಅಲ್ಲ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವೇ ಇದೆ. ಅದು ಮೇಲೆ ಅಂಟಿಕೊಂಡ ಸಕ್ಕರೆಯಲ್ಲ, ಅಕ್ಕಿ ಎಂದರೆ ಅದೇ. ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಅದರ ಒಂದು ಸಣ್ಣ ಪಾಲು ಗಂಜಿಯಲ್ಲಿ ಹೋಗುತ್ತದೆ, ಜತೆಗೆ ಒಂದಿಷ್ಟು ಬಿ ಗುಂಪಿನ ಜೀವಸತ್ವಗಳೂ ಹೋಗುತ್ತವೆ. ಉಳಿದ ಪಿಷ್ಟವೆಲ್ಲ ತಟ್ಟೆಗೆ ಬರುತ್ತದೆ.

‘ಲೋ ಶುಗರ್’ ಎಂದು ಮಾರುವ ಕುಕ್ಕರ್ ಬಿಚ್ಚಿ ನೋಡಿದರೆ ಒಳಗೆ ತೂತಿನ ಬುಟ್ಟಿ ಇರುತ್ತದೆ. ಅಕ್ಕಿ ಬೆಂದ ನೀರು ಕೆಳಗೆ ಇಳಿಯುತ್ತದೆ. ಅಜ್ಜಿ ಬಟ್ಟೆ ಕಟ್ಟಿ ಪಾತ್ರೆ ಬಗ್ಗಿಸಿ ಮಾಡುತ್ತಿದ್ದ ಕೆಲಸವೇ ಇದು, ಬೆಲೆ ಮಾತ್ರ ಮೂರ್ನಾಲ್ಕು ಪಟ್ಟು. ಜಾಹೀರಾತಿನಲ್ಲಿ ‘ಇಷ್ಟು ಶೇಕಡ ಸಕ್ಕರೆ ಕಡಿಮೆ’ ಎಂದು ತೋರಿಸುವಾಗ ನೂರು ಗ್ರಾಂ ಅಕ್ಕಿಯನ್ನು ಹೋಲಿಸಿದ್ದಾರೋ ನೂರು ಗ್ರಾಂ ಅನ್ನವನ್ನೋ ನೋಡಿ. ಹೆಚ್ಚು ನೀರು ಹೀರಿ ಊದಿದ ಅನ್ನದ ನೂರು ಗ್ರಾಂನಲ್ಲಿ ಅಕ್ಕಿಯೇ ಕಡಿಮೆ ಇರುತ್ತದೆ. ಸಾರಿಗೆ ನೀರು ಬೆರೆಸಿ ‘ಉಪ್ಪು ಕಡಿಮೆಯಾಯಿತು’ ಎಂದ ಹಾಗೆ.

ಇದನ್ನು ನಂಬಿ ‘ಸಕ್ಕರೆ ಇಲ್ಲದ ಅನ್ನ’ ಎಂದು ಎರಡು ಸೌಟು ಹೆಚ್ಚು ಬಡಿಸಿಕೊಂಡರೆ ಮಧುಮೇಹಿಗಳಿಗೆ ಶುಗರ್ ಏರುತ್ತದೆ. ಮಾತ್ರೆ ಕಡಿಮೆ ಮಾಡಿಕೊಂಡರೆ ಇನ್ನೂ ಕೆಟ್ಟದ್ದು. ಕುಚ್ಚಲಕ್ಕಿ ಸಾಮಾನ್ಯವಾಗಿ ಬೆಳ್ತಿಗೆಗಿಂತ ನಿಧಾನವಾಗಿ ಸಕ್ಕರೆ ಏರಿಸುತ್ತದೆ, ಆದರೆ ಅಲ್ಲೂ ಎಷ್ಟು ತಿಂದಿರಿ ಎಂಬುದೇ ಮುಖ್ಯ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಂದು ದಿನ ಕುಕ್ಕರ್ ಅನ್ನ, ಇನ್ನೊಂದು ದಿನ ಬಸಿದ ಅನ್ನ, ಎರಡೂ ದಿನ ಒಂದೇ ಅಳತೆಯ ಅಕ್ಕಿಯದು, ಅದೇ ಸಾರು ಪಲ್ಯದ ಜತೆ ಉಂಡು ಎರಡು ಗಂಟೆ ಬಿಟ್ಟು ನೋಡಿ. ಫಾರ್ವರ್ಡ್‌ಗಿಂತ ಆ ಎರಡು ಅಂಕಿಗಳು ನಂಬಿಕೆಗೆ ಯೋಗ್ಯ.

ನಿಜವಾದ ಅಪಾಯ ಅನ್ನ ಆದ ಮೇಲೆ

ಅಕ್ಕಿಯಲ್ಲಿ ಮಣ್ಣಿನಿಂದ ಬಂದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಇರುತ್ತವೆ. ಕುದಿಯುವ ನೀರಿಗೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷಕ್ಕೆ ಬಿಸಿಯ ಭಯವೇ ಇಲ್ಲ. ಮತ್ತೆ ಕುದಿಸಿದರೂ ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಅನ್ನ ಹಳಸಿದ ವಾಸನೆ ಬರದಿದ್ದರೂ ವಿಷ ಇರಬಹುದು.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರಲ್ಲಿ ಇದನ್ನು ಗುರುತಿಸಿದರು. ಹಿಂದಿನ ದಿನ ಬೇಯಿಸಿ ಹೊರಗೇ ಇಟ್ಟ ಅನ್ನವನ್ನು ಹುರಿಯುತ್ತಿದ್ದರು. ‘ಫ್ರೈಡ್ ರೈಸ್ ಸಿಂಡ್ರೋಮ್’ ಎಂದು ಮೊಬೈಲ್‌ಗಳಲ್ಲಿ ಓಡಾಡಿದ ಸುದ್ದಿಯ ಮೂಲ ಇದು. ನಮ್ಮಲ್ಲಿ ರಾತ್ರಿಯ ಅನ್ನ ಬೆಳಗಿನ ಚಿತ್ರಾನ್ನವಾಗುವುದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ. ಹೆಚ್ಚಿನ ಸಲ ಏನೂ ಆಗುವುದಿಲ್ಲ, ಆದರೂ ಒಂದು ದಿನ ವಾಂತಿಯಾಗಿ ಸರಿಹೋಗುತ್ತದೆ. ಅಪರೂಪಕ್ಕೆ ಯಕೃತ್ತು ಸೋತು ಸಾವೂ ಆಗಿದೆ. 2008ರಲ್ಲಿ ಬೆಲ್ಜಿಯಂನ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗಿಟ್ಟ ಸ್ಪಗೆಟಿ ತಿಂದು ತೀರಿಕೊಂಡದ್ದು ವೈದ್ಯಕೀಯ ದಾಖಲೆಯಲ್ಲಿದೆ. ಐದು ದಿನ ಎಂಬುದನ್ನು ಬಿಟ್ಟು ‘ಉಳಿದ ಅನ್ನ ತಿಂದರೆ ಸಾವು’ ಎಂದು ಫಾರ್ವರ್ಡ್ ಮಾಡುವುದು ಸರಿಯಲ್ಲ.

ಇಲ್ಲಿ ಕುಕ್ಕರ್ ಪಾತ್ರವೇನು? ‘ವಾರ್ಮ್’ ದೀಪ ಉರಿಯುತ್ತಿರುವಾಗ ಅನ್ನ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಆಗ ಬ್ಯಾಕ್ಟೀರಿಯ ಬೆಳೆಯುವುದಿಲ್ಲ. ಮೂರ್ನಾಲ್ಕು ಗಂಟೆ ಹೀಗಿಡಬಹುದು. ಕರೆಂಟ್ ಹೋದರೆ ಅಥವಾ ಯಾರೋ ಸ್ವಿಚ್ ಆರಿಸಿದರೆ ಆ ಮುಚ್ಚಿದ ದಪ್ಪ ಪಾತ್ರೆ ಬ್ಯಾಕ್ಟೀರಿಯಕ್ಕೆ ಬೇಕಾದ ಬೆಚ್ಚನೆಯ ಗೂಡಾಗುತ್ತದೆ. ಪ್ರೆಶರ್ ಕುಕ್ಕರ್‌ನಲ್ಲಿ ಮುಚ್ಚಿಟ್ಟ ಅನ್ನಕ್ಕೂ ಇದೇ ಮಾತು. ಊಟವಾದ ಮೇಲೆ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ, ಆರಿದ ಕೂಡಲೇ, ಎರಡು ಗಂಟೆಯೊಳಗೆ, ಫ್ರಿಜ್‌ಗೆ ಇಡಿ. ಮಾರನೆಯ ದಿನ ಒಮ್ಮೆ ಮಾತ್ರ ಚೆನ್ನಾಗಿ ಬಿಸಿಮಾಡಿ ಮುಗಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ನೀರು, ಮಜ್ಜಿಗೆ ಹಾಕಿಡುವ ತಂಗಳನ್ನದ ಪದ್ಧತಿಯಲ್ಲಿ ಅರ್ಥವಿದೆ. ಹುಳಿಯಾದರೆ ಈ ಬ್ಯಾಕ್ಟೀರಿಯ ಹಿಂದೆಗೆಯುತ್ತದೆ. ಆದರೆ ರಾತ್ರಿ ಎಂಟಕ್ಕೆ ಆದ ಅನ್ನಕ್ಕೆ ಹನ್ನೊಂದಕ್ಕೆ ನೀರು ಹಾಕಿದರೆ ಅಷ್ಟರೊಳಗೆ ಆದ ವಿಷವನ್ನು ಹುಳಿ ತೆಗೆಯುವುದಿಲ್ಲ. ಬೇಗ ಹಾಕಬೇಕು.

ಬಿಲ್ ಎಷ್ಟು ಬರುತ್ತದೆ

700 ವಾಟ್‌ನ ಕುಕ್ಕರ್ ಅರ್ಧ ಗಂಟೆ ಓಡಿದರೆ ಮೂರನೇ ಒಂದು ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಎರಡು ರೂಪಾಯಿ. ಗ್ಯಾಸ್ ಸಿಲಿಂಡರ್ 900 ರೂಪಾಯಿ ಎಂದುಕೊಂಡು ಒಲೆಯಲ್ಲಿ ಪೋಲಾಗುವ ಶಾಖವನ್ನು ಕಳೆದರೆ ಅಷ್ಟೇ ಶಾಖಕ್ಕೆ ಗ್ಯಾಸ್‌ಗೂ ಹತ್ತಿರ ಹತ್ತಿರ ಅಷ್ಟೇ ಖರ್ಚು. ಆದ್ದರಿಂದ ‘ಅರ್ಧ ಖರ್ಚು ಉಳಿತಾಯ’ ಎಂಬ ಮಾತಿಗೂ ‘ಕರೆಂಟ್ ನುಂಗುತ್ತದೆ’ ಎಂಬ ಮಾತಿಗೂ ಬೆಲೆ ಕೊಡಬೇಕಾಗಿಲ್ಲ. ಆದರೆ ವಾರ್ಮ್‌ನಲ್ಲಿ 40 ವಾಟ್ ತೆಗೆದುಕೊಂಡರೆ ರಾತ್ರಿಯೆಲ್ಲ ಹತ್ತು ಗಂಟೆಗೆ 0.4 ಯೂನಿಟ್. ಅನ್ನ ಮಾಡಿದ್ದಕ್ಕಿಂತ ಕಾಯಿಸಿಟ್ಟದ್ದಕ್ಕೇ ಹೆಚ್ಚು!

ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುವ ಮನೆಗಳು ಇನ್ನೊಂದು ಲೆಕ್ಕ ಹಾಕಬೇಕು. ಉಚಿತ ಯೂನಿಟ್ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ನಿಮ್ಮ ಮನೆ ಬಳಸಿದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ನಿಗದಿಯಾದ ಮಿತಿ ಅದು. ಮಿತಿ ದಾಟಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ದಿನಕ್ಕೆ ಎರಡು ಹೊತ್ತು ರೈಸ್ ಕುಕ್ಕರ್ ಎಂದರೆ ತಿಂಗಳಿಗೆ ಸುಮಾರು 20 ಯೂನಿಟ್. ಕೊಳ್ಳುವ ಮೊದಲು ಹಳೆಯ ಬಿಲ್ ತೆಗೆದು ಮಿತಿಗೆ ಎಷ್ಟು ಹತ್ತಿರ ಇದ್ದೀರಿ ನೋಡಿಕೊಳ್ಳಿ.

ಪ್ಲಗ್ ಬಗ್ಗೆ ಒಂದು ಮಾತು. ಕುಕ್ಕರ್‌ನ ಮೂರು ಕಡ್ಡಿಯ ಪ್ಲಗ್‌ನಲ್ಲಿ ದಪ್ಪದ್ದು ಅರ್ಥಿಂಗ್. ಎರಡು ಕಡ್ಡಿಯ ಅಡಾಪ್ಟರ್‌ಗೆ ಸಿಕ್ಕಿಸಿದರೆ ಲೋಹದ ಮೈ ಹೊಡೆಯುವ ದಿನ ಕಾಪಾಡುವುದಕ್ಕೆ ಏನೂ ಇರುವುದಿಲ್ಲ. ಮುಟ್ಟಿದಾಗ ಸ್ವಲ್ಪ ‘ಜುಮ್’ ಎಂದರೂ ಬಳಸುವುದನ್ನು ನಿಲ್ಲಿಸಿ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಒಳಪಾತ್ರೆಯ ಹೊರತಳ ಒರೆಸಿಯೇ ಇಡಿ. ತಟ್ಟೆಯ ಮೇಲೆ ಒಂದು ಅಗುಳು ಸಿಕ್ಕಿಕೊಂಡಿದ್ದರೂ ಪಾತ್ರೆ ಸರಿಯಾಗಿ ಕೂರದೆ ಅನ್ನ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗುತ್ತದೆ.

ಬೇರೆ ಯಾವುದು ದುಡ್ಡಿಗೆ ತಕ್ಕದ್ದು

ಪ್ರೆಶರ್ ಕುಕ್ಕರ್ ಇನ್ನೂ ಮೊದಲ ಸ್ಥಾನದಲ್ಲೇ ಇದೆ. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತಿಲ್ಲದ ಪ್ರೆಶರ್ ಕುಕ್ಕರ್ ಮಾರುವಂತಿಲ್ಲ. ಆನ್‌ಲೈನ್‌ನಲ್ಲಿ ಕೊಂಡರೂ ಗುರುತು ನೋಡಿ.

ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸಿನಲ್ಲಿ ಮುಗಿಸುತ್ತದೆ. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ರೈಸ್ ಕುಕ್ಕರ್ ಎರಡು ಹೊತ್ತು ತಿನ್ನುವ ಕರೆಂಟಿನ ಬಹುಪಾಲು ಅಲ್ಲೇ ವಾಪಸ್ ಬಂತು.

ನೀರಿನ ಆರ್‌ಒ ಯಂತ್ರ ಎಲ್ಲರಿಗೂ ಬೇಕಿಲ್ಲ. ನೀರಿನಲ್ಲಿ ಕರಗಿದ ಲವಣ ಲೀಟರ್‌ಗೆ 500 ಮಿಲಿಗ್ರಾಂ ಒಳಗಿದ್ದರೆ ಅದು ಭಾರತೀಯ ಮಾನಕದ ಪ್ರಕಾರ ಕುಡಿಯಲು ಒಪ್ಪುವ ಮಟ್ಟ. ಕಾವೇರಿ ನೀರು ಬರುವ ಮನೆಗೆ ಸಾಮಾನ್ಯವಾಗಿ ಸೋಸಿ ಕುದಿಸುವುದು ಅಥವಾ ಯುವಿ ಯಂತ್ರ ಸಾಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಫ್ಲೋರೈಡ್ ಇರುವ ಬೋರ್‌ವೆಲ್ ನೀರಿನ ಮಾತು ಬೇರೆ, ಅಲ್ಲಿ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರ್‌ಒ ಬೇಕು. ಮಾರಾಟಗಾರ ಮನೆಗೆ ಬಂದು ಎರಡು ಲೋಟದಲ್ಲಿ ಲೋಹದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟು, ನಿಮ್ಮ ನಲ್ಲಿ ನೀರು ಕಂದುಬಣ್ಣಕ್ಕೆ ತಿರುಗುವುದನ್ನು ತೋರಿಸಿದರೆ ಬೆಚ್ಚಬೇಡಿ. ಆ ಬಣ್ಣ ಕರಗಿದ ಕಬ್ಬಿಣದ ಕಡ್ಡಿಯದು. ಲವಣವಿರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ, ಅಷ್ಟೇ ವಿಷಯ. ಅವರ ‘ಶುದ್ಧ’ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೊಮ್ಮೆ ತೋರಿಸಲು ಹೇಳಿ, ಅದೂ ಕಂದಾಗುತ್ತದೆ.

ಇನ್ನು ಪ್ಲಗ್‌ಗೆ ಚುಚ್ಚಿದರೆ ಬಿಲ್ ಅರ್ಧವಾಗುತ್ತದೆ ಎಂದು ನಾನೂರು ಐನೂರು ರೂಪಾಯಿಗೆ ಮಾರುವ ‘ಪವರ್ ಸೇವರ್’. ಇಂಥವುಗಳೊಳಗೆ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್, ಒಂದು ಹಸಿರು ದೀಪ. ಕೆಪಾಸಿಟರ್‌ನಿಂದ ಸರಿಹೋಗುವ ಪವರ್ ಫ್ಯಾಕ್ಟರ್‌ಗೆ ಮನೆಯ ಬಿಲ್‌ನಲ್ಲಿ ಶುಲ್ಕವೇ ಇಲ್ಲ, ನೀವು ಕಟ್ಟುವುದು ಬಳಸಿದ ಯೂನಿಟ್‌ಗೆ. ಮೀಟರ್ ಮುಂದೆ ನಿಂತು ನೋಡಬೇಕೆಂದಿದ್ದರೆ ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ ಒಂದು ಲೋಟ ಅಕ್ಕಿಯನ್ನು ರೈಸ್ ಕುಕ್ಕರ್‌ಗೆ ಹಾಕಿ, ಒಮ್ಮೆ ಆ ಡಬ್ಬಿ ಚುಚ್ಚಿ, ಇನ್ನೊಮ್ಮೆ ತೆಗೆದು, ಎಷ್ಟು ಯೂನಿಟ್ ಓಡಿತು ಎಂದು ಬರೆದುಕೊಳ್ಳಿ.